60, 64, 68: ನನ್ನನ್ನು ಮೂರು ಸಲ ಅಳೆದ ಕಥೆ

35 ವರ್ಷ ನಾನು ಸರ್ವೆಯರ್ ಆಗಿ ಬೇರೆಯವರ ಜಮೀನು ಅಳೆದೆ. ನಿವೃತ್ತಿಯಾದ ಮೇಲೆ ನನ್ನನ್ನೇ ಅಳೆಯಲು ಶುರು ಮಾಡಿದರು. ಮೊದಲ ಸಲ 2017ರಲ್ಲಿ, 60 ತುಂಬಿದ ಹೊಸದರಲ್ಲಿ. ಎರಡನೇ ಸಲ 2021ರಲ್ಲಿ. ಮೂರನೆಯದು ಈಚೆಗೆ ಮುಗಿಯಿತು. ಒಟ್ಟು ಎರಡು ದಿನ, ಐದು ಕೊಠಡಿ, ಲೆಕ್ಕವಿಲ್ಲದಷ್ಟು ‘ಸ್ವಲ್ಪ ಕೂತಿರಿ ಸಾರ್’.

ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯವರು ಇದನ್ನು ಮಾಡುತ್ತಾರೆ. ವಯಸ್ಸಾದಂತೆ ನೆನಪು, ಮನಸ್ಸು, ಅವರು ಆಧ್ಯಾತ್ಮ ಎಂದು ಕರೆಯುವ ಸಂಗತಿ ಹೇಗೆ ಬದಲಾಗುತ್ತವೆ ಎಂದು ನೋಡುವುದು. ನಾಲ್ಕು ವರ್ಷಕ್ಕೊಮ್ಮೆ ಅದೇ ಮನುಷ್ಯ, ಹೆಚ್ಚುಕಡಿಮೆ ಅದೇ ಪ್ರಶ್ನೆ. ನಮ್ಮ ತುಮಕೂರಿನ ನಿವೃತ್ತ ಗೆಳೆಯರು ಸಿಕ್ಕಾಗಲೆಲ್ಲ ಕೇಳುತ್ತಾರೆ: ಏನು ಮಾಡ್ತಾರೆ, ದುಡ್ಡು ಕೊಡ್ತಾರಾ, ನಮ್ಮನ್ನೂ ಸೇರಿಸ್ತಾರಾ? ಪ್ರತಿಯೊಬ್ಬರಿಗೂ ಹೇಳಿ ಸಾಕಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲಿಗೆ ನನಗೂ ಒಂದು ಅನುಮಾನ ಇತ್ತು. 30 ವರ್ಷದವರನ್ನೂ 70 ವರ್ಷದವರನ್ನೂ ಒಂದೇ ದಿನ ಕೂರಿಸಿ ಪರೀಕ್ಷೆ ಮಾಡಿದರೆ ವ್ಯತ್ಯಾಸ ಗೊತ್ತಾಗಲ್ವಾ? ನಮ್ಮಂಥವರನ್ನು ಹಿಡಿದುಕೊಂಡು ವರ್ಷಗಟ್ಟಲೆ ಯಾಕೆ ಕಾಯಬೇಕು? ಅಲ್ಲಿನ ಸಂಶೋಧಕಿ ಒಬ್ಬಳು, ನನ್ನ ಮಗಳ ವಯಸ್ಸಿನವಳು, ವಿವರಿಸಿದಳು. ಅಮೆರಿಕದ ಸಿಯಾಟಲ್‌ನಲ್ಲಿ ಶಾಯ್ ಎಂಬ ವಿದ್ವಾಂಸ 1956ರಲ್ಲಿ ಒಂದು ಅಧ್ಯಯನ ಆರಂಭಿಸಿದನಂತೆ. ಏಳು ವರ್ಷಕ್ಕೊಮ್ಮೆ ಅದೇ ಜನರನ್ನು ಮತ್ತೆ ಕರೆಸಿ ನೋಡಿದನಂತೆ. ಬೇರೆ ಬೇರೆ ವಯಸ್ಸಿನವರನ್ನು ಒಟ್ಟಿಗೆ ಹೋಲಿಸಿದಾಗ ಮುಪ್ಪಿನಲ್ಲಿ ಬುದ್ಧಿ ಕುಸಿದುಬಿದ್ದಂತೆ ಕಂಡಿತ್ತು. ಅದೇ ಜನರನ್ನು ಹಿಂಬಾಲಿಸಿದಾಗ ಇಳಿತ ಅಷ್ಟೊಂದು ಇರಲಿಲ್ಲ, ಶುರುವಾದದ್ದೂ ತಡವಾಗಿ. ವಯಸ್ಸಿನ ತಪ್ಪು ಎಂದುಕೊಂಡಿದ್ದರಲ್ಲಿ ಎಷ್ಟೋ ಪಾಲು ತಲೆಮಾರಿನ ವ್ಯತ್ಯಾಸ. ನನಗೆ ತಕ್ಷಣ ಅರ್ಥವಾಯಿತು. ನಮ್ಮಪ್ಪ ಓದಿದ್ದು ನಾಲ್ಕನೇ ಕ್ಲಾಸು. ನಮ್ಮಪ್ಪನ ಪಕ್ಕ ನನ್ನ ಮಗನನ್ನು ಕೂರಿಸಿ ಅಂಕ ಹಾಕಿ, ‘ವಯಸ್ಸಾದ್ರೆ ಬುದ್ಧಿ ಹೋಗುತ್ತೆ’ ಅಂದರೆ ನ್ಯಾಯವಾ? ಅರವತ್ತಕ್ಕೆ ಅರಳು ಮರುಳು ಎಂಬ ಗಾದೆಯನ್ನು ಅವತ್ತಿನಿಂದ ನಾನು ಬಾಯಿಗೆ ತಂದಿಲ್ಲ.

ಇಂಥ ಅಧ್ಯಯನಗಳು ನಮ್ಮಲ್ಲೂ ಇವೆ. ದೇಶದ ಮಟ್ಟದಲ್ಲಿ ಲಾಂಗಿಟ್ಯೂಡಿನಲ್ ಏಜಿಂಗ್ ಸ್ಟಡಿ ಇನ್ ಇಂಡಿಯಾ, ಚಿಕ್ಕದಾಗಿ ‘ಲಾಸಿ’ ಎಂಬುದಿದೆ. 2017-18ರ ಮೊದಲ ಸುತ್ತಿನಲ್ಲೇ 45 ದಾಟಿದವರು, ಅವರ ಗಂಡ ಅಥವಾ ಹೆಂಡತಿ ಸೇರಿ 72,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ್ದರು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಇನ್ನೊಂದು ನಡೆಯುತ್ತಿದೆ. ನಾನು ಹೋದದ್ದು ಇವೆರಡಕ್ಕೂ ಅಲ್ಲ.

ಈ ಸಲದ ಕಥೆಗೆ ಬರುತ್ತೇನೆ. ಒಂದು ತಿಂಗಳ ಮುಂಚೆ ಫೋನ್ ಬಂತು. ಆಧಾರ್, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ, ಹಳೇ ರಿಪೋರ್ಟು, ಕನ್ನಡಕ, ಕಿವಿಗೆ ಮೆಷಿನ್ ಇದ್ದರೆ ಅದು, ಬ್ಯಾಂಕ್ ಪಾಸ್‌ಬುಕ್. ಇಷ್ಟೆಲ್ಲ ಸರಿ. ಕೊನೆಯಲ್ಲಿ ಹೇಳಿದರು: ‘ನಿಮ್ಮನ್ನು ಕನಿಷ್ಠ ಹತ್ತು ವರ್ಷದಿಂದ ಚೆನ್ನಾಗಿ ಬಲ್ಲ ಒಬ್ಬರು ಜೊತೆಗೆ ಬರಬೇಕು.’

ಇದು ಕಡ್ಡಾಯ, ಮರೆಯಬೇಡಿ. ನಮ್ಮ ಬಗ್ಗೆ ನಾವು ಹೇಳಿದ್ದನ್ನು ಅವರು ಪೂರ್ತಿ ನಂಬುವುದಿಲ್ಲ. ಮರೆವು ಶುರುವಾದವನಿಗೆ ತಾನು ಮರೆಯುತ್ತಿದ್ದೇನೆ ಎಂಬುದೇ ಮರೆತಿರಬಹುದು. ಅದಕ್ಕೆ ಜೊತೆಗೆ ಬಂದವರನ್ನು ಬೇರೆ ಕೊಠಡಿಯಲ್ಲಿ ಕೂರಿಸಿ, ಹತ್ತು ವರ್ಷದ ಹಿಂದಿಗೆ ಹೋಲಿಸಿದರೆ ಇವರು ಹೇಗಿದ್ದಾರೆ ಎಂದು ಕೇಳುತ್ತಾರೆ.

ಹಿಂದಿನ ಎರಡು ಸಲವೂ ನನ್ನ ಹೆಂಡತಿ ಬಂದಿದ್ದಳು. ಈ ಸಲ ಅವಳು ಹುಬ್ಬಳ್ಳಿಯಲ್ಲಿ ಮಗಳ ಬಾಣಂತನದಲ್ಲಿ ಇದ್ದಳು. ಮಗ ಪುಣೆಯಲ್ಲಿ, ರಜೆ ಇಲ್ಲ. ಪಕ್ಕದ ಮನೆಯವರು ಬಂದು ಆರೇ ವರ್ಷ. ತಾರೀಖು ಮುಂದಕ್ಕೆ ಹಾಕಿ ಎಂದು ಕೇಳಿದೆ. ಮುಂದಿನ ತಾರೀಖು ನಾಲ್ಕು ತಿಂಗಳ ಆಚೆಗಿತ್ತು. ಹೆಂಡತಿಗೆ ಫೋನ್ ಮಾಡಿದರೆ, ‘ನಿಮ್ಮ ತಮ್ಮನ್ನೇ ಕರ್ಕೊಂಡು ಹೋಗಿ. ನನಗಿಂತ ಮುಂಚಿನಿಂದ ನೋಡಿರೋದು ಅವನಲ್ವಾ’ ಅಂದಳು. ಅಂದು ಫೋನ್ ಇಟ್ಟಳು. ಮಗು ಅಳುತ್ತಿತ್ತು.

ಇಲ್ಲಿ ಒಂದು ವಿಷಯ ಹೇಳಲೇಬೇಕು. 2014ರಲ್ಲಿ ಗುಬ್ಬಿ ಕಡೆಯ ನಮ್ಮ ಹಳ್ಳಿಯ ಜಮೀನು ಭಾಗವಾದಾಗ ಪೋಡಿ ವಿಷಯಕ್ಕೆ, ಅಂದರೆ ಪಾಲುಗಳನ್ನು ಅಳೆದು ಬೇರೆ ಮಾಡುವ ವಿಷಯಕ್ಕೆ, ನನಗೂ ತಮ್ಮನಿಗೂ ಜಗಳವಾಗಿತ್ತು. ಕಾಗದದ ಮೇಲೆ ಅಳತೆ ಮಾಡಿದವರು ಬೇರೆಯವರು. ಆದರೂ ಗಡಿಯ ಬಾಂದು ಕಲ್ಲು ನಾನು ಹೇಳಿದ ಕಡೆಯೇ ಬಿತ್ತು ಎಂದು ಅವನ ಸಿಟ್ಟು. ಎರಡು ಗುಂಟೆ ಹೋಯಿತು ಅಂದ. ನಾನು ಸರ್ವೆಯರ್, ನನಗೇ ಅಳತೆ ಹೇಳಿಕೊಡ್ತೀಯಾ ಅಂದೆ. ಏಳು ವರ್ಷ ಮಾತಿಲ್ಲ. 2021ರ ಮೇ ತಿಂಗಳಲ್ಲಿ ನನಗೂ ಹೆಂಡತಿಗೂ ಕೊರೊನಾ ಆದಾಗ ಒಂದು ಮೂಟೆ ರಾಗಿ, ಒಂದು ಗೊನೆ ಬಾಳೆಹಣ್ಣು ಗೇಟಿನ ಹತ್ತಿರ ಇಟ್ಟು, ಹಾರ್ನ್ ಹೊಡೆದು ಹೋದ. ಅಲ್ಲಿಂದ ಮಾತು ಶುರುವಾಯಿತು. ಮಾತು ಅಂದರೆ ಮದುವೆ, ತಿಥಿ, ಮಳೆ ಬಂತಾ, ಅಷ್ಟೇ.

ಕರೆದೆ. ಬಂದ. ಹಿಂದಿನ ರಾತ್ರಿಯೇ ನಮ್ಮನೆಗೆ ಬಂದು ಮಲಗಿದ.

ಬೆಳಗಿನ ರೈಲಿನಲ್ಲಿ ಯಶವಂತಪುರಕ್ಕೆ ಹೋದೆವು. ರಕ್ತ ಕೊಡಬೇಕಾದ್ದರಿಂದ ನಾನು ಖಾಲಿ ಹೊಟ್ಟೆ. ತಮ್ಮನೂ ಏನೂ ತಿನ್ನಲಿಲ್ಲ. ‘ನಿನಗೇನೋ, ಇಡ್ಲಿ ತಿನ್ನು’ ಅಂದರೆ, ‘ಹಸಿವಿಲ್ಲ ಬಿಡಣ್ಣ’ ಅಂದ. ಅಲ್ಲಿ ಹೋದ ಮೇಲೆ 1 ಗಂಟೆ 10 ನಿಮಿಷ ಕಾಯಿಸಿದರು. ಶುಗರ್ ಇರುವವರು ಮುಂಚೆಯೇ ಫೋನ್ ಮಾಡಿ, ಮಾತ್ರೆ ಯಾವಾಗ ತೆಗೆದುಕೊಳ್ಳಬೇಕು ಎಂದು ಕೇಳಿಕೊಳ್ಳಿ. ನನ್ನ ಪಕ್ಕ ಕೂತಿದ್ದ ಅಮ್ಮನೊಬ್ಬರಿಗೆ ತಲೆ ಸುತ್ತು ಬಂದು, ಅವರಿಗೆ ಅವತ್ತಿನ ಕೆಲಸವೇ ಆಗಲಿಲ್ಲ.

ರಕ್ತಕ್ಕೂ ಮುಂಚೆ ಒಪ್ಪಿಗೆ ಪತ್ರ. 14 ಪುಟ, ಕನ್ನಡದಲ್ಲೇ ಇತ್ತು. ಸುಮ್ನೆ ಸಹಿ ಹಾಕಬೇಡಿ, ಕೂತು ಓದಿ. ಯಾವಾಗ ಬೇಕಾದರೂ ಕಾರಣ ಹೇಳದೆ ಬಿಟ್ಟು ಹೋಗಬಹುದು ಎಂದು ಅದರಲ್ಲಿ ಇರುತ್ತದೆ. ರಕ್ತದ ಮಾದರಿಯನ್ನು ಮುಂದೆ ಬೇರೆ ಸಂಶೋಧನೆಗೆ ಬಳಸಬಹುದಾ ಎಂಬುದಕ್ಕೆ ಬೇರೆಯೇ ಟಿಕ್ ಇತ್ತು. ಅದಕ್ಕೆ ಬೇಡ ಅಂದರೂ ಅಧ್ಯಯನದಲ್ಲಿ ಇರಬಹುದು. ಇದು ನನಗೆ ಗೊತ್ತಾದದ್ದು ಎರಡನೇ ಸಲ.

ನೆನಪಿನ ಪರೀಕ್ಷೆ ನನಗೆ ಕಷ್ಟವಲ್ಲ. ನೂರರಿಂದ ಏಳೇಳು ಕಳೆಯುತ್ತಾ ಹೋಗುವುದು, ಗಡಿಯಾರದ ಚಿತ್ರ ಬರೆದು ಮುಳ್ಳು ತೋರಿಸುವುದು, ಹತ್ತು ಪದ ಕೇಳಿ ಸ್ವಲ್ಪ ಹೊತ್ತಿನ ಮೇಲೆ ಒಪ್ಪಿಸುವುದು, ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದು. ಸರ್ವೆ ನಂಬರುಗಳನ್ನು ತಲೆಯಲ್ಲಿ ಹೊತ್ತು ತಿರುಗಿದವನಿಗೆ ಅಂಕಿ ಯಾವ ಲೆಕ್ಕ! 64ನೇ ವಯಸ್ಸಿನಲ್ಲಿ ಹೇಳಿದ್ದಕ್ಕಿಂತ ಈ ಸಲ ಚೆನ್ನಾಗಿ ಹೇಳಿದೆ ಅನ್ನಿಸಿ ಬೀಗಿದೆ. ಸಂಶೋಧಕಿ ನಕ್ಕಳು. ಒಂದೇ ಥರದ ಪರೀಕ್ಷೆಯನ್ನು ಮತ್ತೆ ಮತ್ತೆ ಬರೆದವರಿಗೆ ಪರೀಕ್ಷೆಯೇ ಅಭ್ಯಾಸವಾಗಿಬಿಡುತ್ತದಂತೆ. ಅದನ್ನು ಅವರು ಕಳೆದೇ ಲೆಕ್ಕ ಹಾಕುತ್ತಾರಂತೆ. ಇನ್ನೊಂದೂ ಹೇಳಿದಳು. ವಾಪಸ್ ಬರುವವರು ಸಾಮಾನ್ಯವಾಗಿ ಗಟ್ಟಿಮುಟ್ಟಾದವರು. ಹಾಸಿಗೆ ಹಿಡಿದವರು ಬರುವುದಿಲ್ಲ, ಹೋದವರಂತೂ ಬರುವುದಿಲ್ಲ. ಬಂದವರನ್ನಷ್ಟೇ ಲೆಕ್ಕ ಹಾಕಿದರೆ ಮುಪ್ಪು ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಅವರು ಫೋನ್ ಮೇಲೆ ಫೋನ್ ಮಾಡುತ್ತಾರೆ. ಬರದಿದ್ದರೂ ಪರವಾಗಿಲ್ಲ, ಯಾಕೆ ಬರಲಾಗಲಿಲ್ಲ ಎಂದು ಹೇಳಿ. ಅದೂ ಅವರಿಗೆ ಲೆಕ್ಕವೇ.

ಮಧ್ಯಾಹ್ನದ ಮೇಲೆ ಮನಸ್ಸಿನ ಪ್ರಶ್ನೆಗಳು. ಸುಸ್ತಾಗುವುದು ಇಲ್ಲೇ. ಮೊದಲು ಮುಪ್ಪಿನ ಖಿನ್ನತೆ ಅಳೆಯುವ 15 ಪ್ರಶ್ನೆ, ಹೌದು ಅಥವಾ ಇಲ್ಲ. ಕನ್ನಡದಲ್ಲಿ ಇದೊಂದು ಫಜೀತಿ. ‘ನಿಮಗೆ ಬೇಸರ ಇಲ್ಲ, ಅಲ್ವಾ?’ ಅಂದರೆ ನಾವು ‘ಹೂಂ, ಇಲ್ಲ’ ಅಂತೀವಿ. ಅದು ಹೌದೋ ಇಲ್ಲವೋ? ಒಂದೇ ಪದದಲ್ಲಿ ಉತ್ತರಿಸದೆ ಪೂರ್ತಿ ವಾಕ್ಯ ಹೇಳಿ, ಗೊಂದಲ ತಪ್ಪುತ್ತದೆ.

ಅದರಲ್ಲಿ ಒಂದು ಪ್ರಶ್ನೆ ಇದೆ: ಹೊರಗೆ ಹೋಗಿ ಹೊಸದೇನಾದರೂ ಮಾಡುವುದಕ್ಕಿಂತ ಮನೆಯಲ್ಲೇ ಇರುವುದು ನಿಮಗೆ ಇಷ್ಟವಾ? ಹೌದು ಅಂದೆ. ಅದು ಖಿನ್ನತೆಯ ಲೆಕ್ಕಕ್ಕೆ ಒಂದು ಅಂಕ. ಅರ್ಧ ಗಂಟೆಯ ನಂತರ ಇನ್ನೊಂದು ಹಾಳೆ ಬಂತು. ಈಗೀಗ ಒಬ್ಬರೇ ಸುಮ್ಮನೆ ಕೂರುವುದು ಹಿತವೆನಿಸುತ್ತದೆಯೇ, ತೀರಿಹೋದ ಹಿರಿಯರು ಹತ್ತಿರವಾದಂತೆ ಅನಿಸುತ್ತದೆಯೇ, ಮೇಲುಮೇಲಿನ ಗೆಳೆತನದಲ್ಲಿ ಆಸಕ್ತಿ ಕಮ್ಮಿಯಾಗಿದೆಯೇ? ಎಲ್ಲಕ್ಕೂ ಹೌದು. ಇದು ಸ್ವೀಡನ್ನಿನ ಸಮಾಜಶಾಸ್ತ್ರಜ್ಞ ಟಾರ್ನ್‌ಸ್ಟಾಮ್ ಹೇಳಿದ ವಿಚಾರದಿಂದ ಬಂದದ್ದು. ಮುಪ್ಪಿನಲ್ಲಿ ಮನುಷ್ಯ ಬರೀ ಕುಗ್ಗುವುದಿಲ್ಲ, ವಸ್ತು, ಹೆಸರು, ತನ್ನತನ ಇವುಗಳನ್ನು ದಾಟಿ ದೊಡ್ಡದೊಂದರ ಕಡೆ ವಾಲುತ್ತಾನೆ ಎಂದು ಅವನ ವಾದ. ಇಲ್ಲಿ ಅದೇ ‘ಹೌದು’ ಮಾಗಿದ ಲೆಕ್ಕಕ್ಕೆ ಹೋಗುತ್ತದೆ! ಒಂದು ಹಾಳೆಯಲ್ಲಿ ನಾನು ರೋಗದ ಕಡೆಗೆ, ಇನ್ನೊಂದರಲ್ಲಿ ಋಷಿಯ ಕಡೆಗೆ. ‘ಯಾವುದಮ್ಮ ಸರಿ?’ ಅಂತ ಕೇಳಿದೆ. ‘ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋದಕ್ಕೇ ಎರಡೂ ಕೇಳೋದು ಸಾರ್’ ಅಂದಳು. ಉತ್ತರ ಚೆನ್ನಾಗಿತ್ತು. ಪೂರ್ತಿ ಸಮಾಧಾನವೇನೂ ಆಗಲಿಲ್ಲ.

ಆಮೇಲೆ ಆಧ್ಯಾತ್ಮ. 16 ಹೇಳಿಕೆಗಳ ಒಂದು ಪಟ್ಟಿ, ಅಮೆರಿಕದಲ್ಲಿ ಸಿದ್ಧವಾಗಿ ಕನ್ನಡಕ್ಕೆ ಬಂದದ್ದು. ದೇವರ ಇರವು ಅನುಭವಕ್ಕೆ ಬರುತ್ತದೆ, ಕೃತಜ್ಞತೆ ಮೂಡುತ್ತದೆ, ಹೀಗೆ. ಬಹುತೇಕ ಎಲ್ಲಕ್ಕೂ ಒಂದೇ ಪ್ರಶ್ನೆ, ಎಷ್ಟು ಸಲ? ದಿನಕ್ಕೆ ಹಲವು ಸಲವೇ, ದಿನಕ್ಕೊಮ್ಮೆಯೇ, ಅಪರೂಪಕ್ಕೇ? 60ರಲ್ಲಿ ನಾನು ಎರಡು ಹೊತ್ತು ಲಿಂಗಪೂಜೆ ಮಾಡುತ್ತಿದ್ದೆ. ಹೆಮ್ಮೆಯಿಂದ ‘ಹಲವು ಸಲ’ ಎಂದು ಹೇಳಿಕೊಂಡು ಹೋಗಿದ್ದೆ. ಈಗ ಪೂಜೆ ಒಂದೇ ಹೊತ್ತು, ಅದೂ ಚಿಕ್ಕದು. ಆದರೆ ಹಿತ್ತಲಿನಲ್ಲಿ ನೀರು ಬಿಡುತ್ತಾ ನಿಂತರೆ ಪೈಪು ಹಿಡಿದಿದ್ದೇನೆ ಎಂಬುದೇ ಮರೆತುಹೋಗಿ ಪಾತಿ ತುಂಬಿ ಹರಿದಿರುತ್ತದೆ. ಇದನ್ನು ಯಾವ ಬಾಕ್ಸಿಗೆ ಹಾಕಲಿ? ಕೇಳಿದೆ. ‘ನಿಮಗೆ ಹೇಗೆ ಅರ್ಥವಾಗುತ್ತೋ ಹಾಗೆ ಹೇಳಿ, ನಾನು ವಿವರಿಸುವ ಹಾಗಿಲ್ಲ’ ಅಂದಳು. ಅದು ಅವರ ನಿಯಮ. ಒಬ್ಬರಿಗೆ ಒಂದು ಥರ ವಿವರಿಸಿದರೆ ಹೋಲಿಕೆಯೇ ಕೆಟ್ಟುಹೋಗುತ್ತದೆ. ಬೇಜಾರು ಮಾಡಿಕೊಳ್ಳಬೇಡಿ.

ಮನೆಗೆ ಬಂದ ಮೇಲೆ ನಾನೇ ಸ್ವಲ್ಪ ಓದಿದೆ. ಕ್ಯಾಲಿಫೋರ್ನಿಯಾದಲ್ಲಿ 1920ರ ದಶಕದಲ್ಲಿ ಹುಟ್ಟಿದವರನ್ನು ಬಾಲ್ಯದಿಂದ ಮುಪ್ಪಿನವರೆಗೆ ಹಿಂಬಾಲಿಸಿದ ಅಧ್ಯಯನವೊಂದಿದೆ. ಅಲ್ಲಿ ಚರ್ಚಿಗೆ ಹೋಗುವಂಥ ಧಾರ್ಮಿಕತೆ ಬೇರೆ, ಆಧ್ಯಾತ್ಮಿಕತೆ ಬೇರೆ ಎಂದು ಎರಡಾಗಿ ಅಳೆದರು. ಅದೂ ಟಿಕ್ ಹಾಕಿಸಿ ಅಲ್ಲ, ಉದ್ದದ ಸಂದರ್ಶನಗಳನ್ನು ಓದಿ ಅಂಕ ಕೊಟ್ಟು. ನಡುವಯಸ್ಸಿನ ಕೊನೆಯಿಂದ ಮುಪ್ಪಿಗೆ ಬರುವಾಗ ಆಧ್ಯಾತ್ಮಿಕತೆ ಏರಿತ್ತು. ನನಗೂ ಯಾರಾದರೂ ಒಂದು ಗಂಟೆ ಸುಮ್ಮನೆ ಮಾತಾಡಲು ಬಿಟ್ಟಿದ್ದರೆ ಪೈಪಿನ ಕಥೆ ಹೇಳುತ್ತಿದ್ದೆ.

ಮೊದಲ ದಿನ ಸಂಜೆ ತಮ್ಮನಿಗೆ, ‘ನಾಳೆ ನೀನು ಬರಬೇಕಾಗಿಲ್ಲ’ ಅಂದೆ. ‘ಡೇರಿಗೆ ಹಾಲು ಹಾಕೋಕೆ ಮಗನಿಗೆ ಹೇಳಿದೀನಿ’ ಅಂದ. ಅಲ್ಲಿಗೆ ಆ ಮಾತು ಮುಗಿಯಿತು.

ಎರಡನೇ ದಿನ ಎಂಆರ್‌ಐ. ಮೈಮೇಲಿನ ಲೋಹವೆಲ್ಲ ತೆಗೆಯಬೇಕು. ಉಂಗುರ, ಉಡದಾರದ ಕೀಲಿ, ಬೆಲ್ಟು. ಹಲ್ಲಿಗೆ ಲೋಹದ ಸೇತುವೆ, ಎದೆಗೆ ಪೇಸ್‌ಮೇಕರ್, ಮಂಡಿಯಲ್ಲಿ ರಾಡು ಇದ್ದರೆ ಫೋನಿನಲ್ಲೇ ತಿಳಿಸಿ, ಕಾಗದ ಇದ್ದರೆ ಒಯ್ಯಿರಿ. ನನಗೆ ತೊಡಕಾಗಿದ್ದು ಇಷ್ಟಲಿಂಗ. ಬೆಳ್ಳಿಯ ಕರಡಿಗೆಯಲ್ಲಿ, ಶಿವದಾರದಲ್ಲಿ ಕೊರಳಲ್ಲಿ ಇರುತ್ತದೆ. 12ನೇ ವಯಸ್ಸಿಗೆ ದೀಕ್ಷೆಯಾದಾಗಿನಿಂದ ಮೈಯಿಂದ ಬೇರೆ ಮಾಡಿದವನಲ್ಲ. 2017ರಲ್ಲಿ ತೆಗೆಯುವುದಿಲ್ಲ ಎಂದು ಹಟ ಹಿಡಿದೆ. ತಂತ್ರಜ್ಞನ ಮೇಲೆ ಕೂಗಾಡಿದ್ದೂ ಉಂಟು. ಎಂಆರ್‌ಐ ಮಾಡಿಸದೇ ಬಂದೆ. ನನ್ನ ಕಡತದಲ್ಲಿ 60ರ ಮಿದುಳಿನ ಚಿತ್ರ ಇಲ್ಲ, ಆ ಜಾಗ ಖಾಲಿ. 2021ರಲ್ಲಿ ಹೆಂಡತಿಯ ಕೈಗೆ ಕೊಟ್ಟು ಒಳಗೆ ಹೋದೆ. 25 ನಿಮಿಷವೂ ಮನಸ್ಸು ಅಲ್ಲೇ.

ಈ ಸಲ ಹೆಸರು ಕರೆದ ಕೂಡಲೇ ತೆಗೆದು ಪಕ್ಕದಲ್ಲಿದ್ದ ತಮ್ಮನ ಕೈಗಿಟ್ಟೆ. ಯೋಚನೆಯೇ ಮಾಡಲಿಲ್ಲ. ಒಳಗೆ ಮಲಗಿ, ಕಿವಿಗೆ ಹತ್ತಿ ಇಟ್ಟು, ಬೋರ್‌ವೆಲ್ ಕೊರೆದಂಥ ಸದ್ದು ಶುರುವಾದಾಗಲೇ ಹೊಳೆದದ್ದು, ಏನು ಮಾಡಿದೆ ಎಂದು. ಹೊರಗೆ ಬಂದಾಗ ಅವನು ಎಡ ಅಂಗೈಯಲ್ಲಿ ಕರಡಿಗೆ ಇಟ್ಟುಕೊಂಡು, ಬಲಗೈ ಮುಚ್ಚಿಕೊಂಡು, ನೆಟ್ಟಗೆ ಕೂತಿದ್ದ. ಕಾಫಿ ಕೊಟ್ಟಿದ್ದರಂತೆ. ಕೈ ಖಾಲಿ ಇಲ್ಲ ಎಂದು ಕುಡಿದಿರಲಿಲ್ಲ. ಪಕ್ಕದಲ್ಲಿ ಕೆನೆಗಟ್ಟಿ ಕೂತಿತ್ತು.

ಇದಕ್ಕೆ ಯಾವ ಹಾಳೆಯಲ್ಲೂ ಪ್ರಶ್ನೆ ಇರಲಿಲ್ಲ.

ಸರ್ವೆಯವನಿಗೆ ಫೀಲ್ಡ್ ಬುಕ್ ಬರೆಯುವ ಚಟ ಹೋಗುವುದಿಲ್ಲ. ಪ್ರತಿ ಸಲವೂ ಹೊರಗೆ ಬಂದ ಮೇಲೆ ನೆನಪಿದ್ದಷ್ಟು ಪ್ರಶ್ನೆ, ನಾನು ಕೊಟ್ಟ ಅಂಕ ಬರೆದಿಡುತ್ತೇನೆ. ಅವರು ರಕ್ತದ ರಿಪೋರ್ಟು ಕೊಡುತ್ತಾರೆ, ಸ್ಕ್ಯಾನಿನಲ್ಲಿ ಏನಾದರೂ ಕಂಡರೆ ಹೇಳುತ್ತಾರೆ. ಮನಸ್ಸಿನ ಅಂಕ ಕೊಡುವುದಿಲ್ಲ. ಎಷ್ಟು ಕೇಳಿದರೂ ಕೊಡುವುದಿಲ್ಲ, ಮೊದಲೇ ತಿಳಿದುಕೊಂಡು ಹೋಗಿ. ನೀವೂ ಬರೆದಿಟ್ಟುಕೊಂಡರೆ ಮುಂದಿನ ಸಲ ಹೋಗುವ ಮುಂಚೆ ಮಾತ್ರ ತೆರೆಯಬೇಡಿ.

ಈ ಸಲ ಮುಗಿಸಿ ರೈಲಿನಲ್ಲಿ ಕೂತು ಮೂರನ್ನೂ ಪಕ್ಕಪಕ್ಕ ನೋಡಿದೆ. ಕ್ಯಾರಲ್ ರಿಫ್ ಎಂಬಾಕೆ 1989ರಲ್ಲಿ ಮಾಡಿದ ಅಳತೆಯೊಂದು ಅದರಲ್ಲಿದೆ. ಮನಸ್ಸಿನ ನೆಮ್ಮದಿಯನ್ನು ಆರು ಭಾಗ ಮಾಡುತ್ತದೆ: ತನ್ನನ್ನು ತಾನು ಒಪ್ಪಿಕೊಳ್ಳುವುದು, ಬಾಳಿನ ಗುರಿ, ಬೆಳವಣಿಗೆ, ಸ್ವಂತ ನಿರ್ಧಾರ, ಸುತ್ತಲಿನದನ್ನು ನಿಭಾಯಿಸುವುದು, ಇತರರೊಂದಿಗಿನ ಒಳ್ಳೆಯ ಸಂಬಂಧ. ಒಂದೊಂದು ಹೇಳಿಕೆಗೂ ಒಂದರಿಂದ ಆರರವರೆಗೆ ಅಂಕ. ಸಂಬಂಧದ ಸಾಲಿನಲ್ಲಿ ನಾನು ಕೊಟ್ಟುಕೊಂಡದ್ದು 2017ರಲ್ಲಿ 6, 2021ರಲ್ಲಿ 5, ಈಗ 4.

6! ಒಡಹುಟ್ಟಿದವನ ಜೊತೆ ಮೂರು ವರ್ಷದಿಂದ ಮಾತು ಬಿಟ್ಟವನು ಕೊಟ್ಟುಕೊಂಡ ಅಂಕ ಅದು. ಅದೇ ತಮ್ಮ ಈಗ ಎದುರು ಸೀಟಿನಲ್ಲಿ ಕಡ್ಲೆಕಾಯಿ ಸುಲಿದು ನನ್ನ ಕೈಗೆ ಹಾಕುತ್ತಿದ್ದಾನೆ, ಅಂಕ 4. ಕಂಪ್ಯೂಟರಿನಲ್ಲಿ ಗೆರೆ ಎಳೆದರೆ ನನ್ನ ಸಂಬಂಧಗಳು ಎಂಟು ವರ್ಷದಿಂದ ಹಾಳಾಗುತ್ತಾ ಬಂದಿವೆ.

ನಾನು ಕೆಲಸಕ್ಕೆ ಸೇರಿದಾಗ ಸರಪಳಿಯ ಕಾಲ. ಒಂದು ಸರಪಳಿಗೆ 33 ಅಡಿ, ಅದರಲ್ಲಿ ಆಣೆ ಎಂಬ 16 ಭಾಗ. ಎಳೆದೆಳೆದು ಕೊಂಡಿಗಳು ಹಿಗ್ಗುತ್ತಿದ್ದವು. ಸರಪಳಿ ಉದ್ದವಾದರೆ ಅದೇ ಹೊಲ ಅಳತೆಯಲ್ಲಿ ಚಿಕ್ಕದಾಗುತ್ತದೆ. ಹೊಲ ಎಲ್ಲಿಗೂ ಹೋಗಿರುವುದಿಲ್ಲ. ಗೊತ್ತಿಲ್ಲದವನು ರೈತನ ಮೇಲೆ ಅನುಮಾನ ಪಡುತ್ತಾನೆ, ಗೊತ್ತಿದ್ದವನು ಮೊದಲು ಸರಪಳಿ ನೋಡುತ್ತಾನೆ. 60ರಲ್ಲಿ ‘ಒಳ್ಳೆಯ ಸಂಬಂಧ’ ಅಂದರೆ ನನ್ನ ಮಟ್ಟಿಗೆ ಕಚೇರಿಯಲ್ಲಿ ನಾಲ್ಕು ಜನ ನಮಸ್ಕಾರ ಹೇಳುವುದಾಗಿತ್ತು. ಈಗ ಆ ಪದಕ್ಕೆ ಜಾಸ್ತಿ ಕೇಳುತ್ತೇನೆ.

ಫೋನ್ ಮಾಡಿ ಸಂಶೋಧಕಿಗೆ ಹೇಳಿದೆ. ಅವಳಿಗೆ ಹೊಸದಲ್ಲ. ಇದಕ್ಕೆ ರೆಸ್ಪಾನ್ಸ್ ಶಿಫ್ಟ್ ಎಂದು ಹೆಸರೇ ಇದೆಯಂತೆ. ಅಳೆಯುವ ಕೋಲು ಒಳಗೇ ಬದಲಾಗುವುದು. ಹಿಡಿಯಲು ಒಂದು ಉಪಾಯವೂ ಇದೆ: ಆಗ ಹೇಗಿದ್ದಿರಿ ಎಂಬುದನ್ನು ಈಗಿನ ಮನಸ್ಸಿನಿಂದ ಮತ್ತೆ ಕೇಳುವುದು. ಅದರಲ್ಲೂ ನೆನಪು ಮೋಸ ಮಾಡಬಹುದು ಎಂದೂ ಹೇಳಿದಳು. ಇರಲಿ. ನಾನು ಫೀಲ್ಡ್ ಬುಕ್ಕಿನ 2017ರ 6ರ ಪಕ್ಕದಲ್ಲಿ, ಹೊಡೆದುಹಾಕದೆ, ಕೆಂಪಿನಲ್ಲಿ 2 ಎಂದು ಬರೆದೆ.

ಖರ್ಚಿನ ಮಾತು. ಎರಡು ದಿನಕ್ಕೆ ಇಬ್ಬರ ರೈಲು, ಆಟೋ, ಊಟ ಸೇರಿ ನನಗೆ 1,340 ರೂಪಾಯಿ ಆಯಿತು. ಅದರಲ್ಲಿ ಆಟೋದ್ದೇ ಜಾಸ್ತಿ. ಅವರು ಪ್ರಯಾಣಕ್ಕೆಂದು ತಲಾ 500 ಕೊಡುತ್ತಾರೆ, ನೇರವಾಗಿ ಖಾತೆಗೆ. ನನ್ನದು ಮೊದಲು ವಾಪಸ್ ಹೋಯಿತು. ಬ್ಯಾಂಕ್ ವಿಲೀನವಾದ ಮೇಲೆ ಐಎಫ್‌ಎಸ್‌ಸಿ ಬದಲಾಗಿತ್ತು, ನಾನು ಕೊಟ್ಟದ್ದು ಹಳೇ ಪಾಸ್‌ಬುಕ್ಕಿನ ನಕಲು. ಹೊಸದು ಕೊಡಿ. ಏಳು ವಾರದ ಮೇಲೆ ಬಂತು. ತಮ್ಮನದು ಇನ್ನೂ ಬಂದಿಲ್ಲ. ಆಧಾರಿನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ, ಪಾಸ್‌ಬುಕ್ಕಿನಲ್ಲಿ ಬರೀ ಇನಿಷಿಯಲ್.

ಒಳಗೆ ಏನು ಕೇಳಿದರು ಎಂದು ಅವನನ್ನು ನಾನಾಗಿ ಕೇಳಲಿಲ್ಲ, ಕೇಳಬಾರದು ಕೂಡ. ಗುಬ್ಬಿ ಬಸ್ಸಿಗೆ ಹತ್ತಿಸಲು ಹೋದಾಗ ಅವನೇ ಹೇಳಿದ. ‘ಹಳೇದೆಲ್ಲ ನೆನಪಿದೆಯಾ ನಿಮ್ಮಣ್ಣನಿಗೆ ಅಂತ ಕೇಳಿದ್ಲು ಆ ಹುಡುಗಿ. ಎರಡು ಗುಂಟೆ ವಿಷಯ ಈಗ ಎತ್ತಲ್ಲ, ಮರೆತಿದಾನೋ ಸುಮ್ನಿದಾನೋ ಗೊತ್ತಿಲ್ಲಮ್ಮ ಅಂದೆ. ಏನು ಬರ್ಕೋಬೇಕೋ ತಿಳೀಲಿಲ್ಲ ಪಾಪ, ಪೆನ್ನು ಹಿಡ್ಕೊಂಡು ಕೂತಿದ್ಲು.’

‘ಮರೆತಿಲ್ಲ’ ಅಂದೆ.

‘ಗೊತ್ತು ಬಿಡು’ ಅಂದ. ಬಸ್ಸು ಹೊರಟಿತು.

ಈಗ ಪ್ರತಿ ಸೋಮವಾರ ಬೆಳಿಗ್ಗೆ ಹಾಲು ಹಾಕಿ ಬಂದು ಫೋನ್ ಮಾಡುತ್ತಾನೆ. ‘ಅಣ್ಣ, ಆ ಐನೂರು ರೂಪಾಯಿ ಏನಾಯ್ತು ಕೇಳಿದ್ಯಾ?’ ಇನ್ನೂ ಇಲ್ಲ ಕಣೋ, ವಿಚಾರಿಸ್ತೀನಿ ಅಂತೀನಿ. ಆಮೇಲೆ ಮಳೆ, ಕೊಬ್ಬರಿ ರೇಟು, ಕರುವಿನ ಭೇದಿ, ಹೀಗೆ ಇಪ್ಪತ್ತು ನಿಮಿಷ. ನನ್ನ ಕೈಯಿಂದಲೇ ಕೊಟ್ಟುಬಿಡಬಹುದಿತ್ತು. ಕೊಟ್ಟಿಲ್ಲ.